ತಿರುಗಾಟದ ಮದ್ದಳೆ

ಯಕ್ಷಗಾನದ ಕರಪತ್ರಕ್ಕೆ ಅದರದ್ದೇ ಒಂದು ಕ್ರಮ ಇದೆ. ತಲೆಯ ಮೇಲೆ ದೇವರ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಪ್ರಸಂಗ, ಆಮೇಲೆ 'ಹಿಮ್ಮೇಳ'. ಭಾಗವತರು ಇಂಥವರು, ಮದ್ದಳೆ ಇಂಥವರು, ಚಂಡೆ ಇಂಥವರು. ಮುಮ್ಮೇಳದವರ ಪಟ್ಟಿ ಶುರುವಾಗುವುದು ಬಹುಪಾಲು ಅದರ ನಂತರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿ ಚಹಾ ಅಂಗಡಿಯ ಗೋಡೆಗೆ ಅಂಟಿಸಿದ ಹಾಳೆಗಳಲ್ಲಿ ಈ ಕ್ರಮ ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪುವುದು ಫೋಟೋ ಹಾಕುವಾಗ. ಅಲ್ಲಿ ಕಿರೀಟ ಇಟ್ಟವರದ್ದೇ ರಾಜ್ಯ. ಭಾಗವತರಿಗೆ ಒಂದು ಮೂಲೆ ಸಿಕ್ಕೀತು. ಮದ್ದಳೆಗಾರನ ಮುಖ ಹುಡುಕಿದರೂ ಸಿಗುವುದು ಅಪರೂಪ.

ಹೀಗೆ ಹಿಂದೆ ಕೂತು ನುಡಿಸುವವರಿಗೆ ಅಮೆರಿಕದಲ್ಲಿ ಮುಖಕ್ಕಷ್ಟೇ ಅಲ್ಲ, ಹೆಸರಿಗೂ ಬರಗಾಲ ಇತ್ತು. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿ 1960ರ ದಶಕದಲ್ಲಿ ಲೋಕವನ್ನೇ ಕುಣಿಸಿದ ಹಾಡುಗಳನ್ನು ಹೊರತಂದಿತು. ಆ ಹಾಡುಗಳಲ್ಲಿ ಹೆಚ್ಚಿನವುಗಳ ಅಡಿಯಲ್ಲಿ ಗುನುಗುತ್ತಿದ್ದ ಬಾಸ್ ಗಿಟಾರ್ ಜೇಮ್ಸ್ ಜೇಮರ್‌ಸನ್ ಅವರದ್ದು. ರೆಕಾರ್ಡಿನ ಹೊದಿಕೆಯ ಮೇಲೆ ಹಾಡಿದವರ ಹೆಸರು ಇರುತ್ತಿತ್ತು, ಇವರದ್ದು ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಕಡೆಗೂ ಜೇಮರ್‌ಸನ್ ಹೆಸರು ಅಚ್ಚಾಯಿತು. 1983ರಲ್ಲಿ ಅವರು ತೀರಿಕೊಂಡರು. ರಾಕ್ ಸಂಗೀತದ ಗೌರವ ಮಂದಿರ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ, ಅದೂ ಪಕ್ಕವಾದ್ಯದವರಿಗೆಂದೇ ತೆರೆದ ವಿಭಾಗದಲ್ಲಿ. ರಾಕ್ ಬ್ಯಾಂಡುಗಳ ಬಾಸ್ ವಾದಕರು ಇಂದಿಗೂ ಪಾಠ ಹೇಳಿಸಿಕೊಳ್ಳುವುದು ಈ ಮನುಷ್ಯನ ಕೈಯಿಂದ.

ಬಾಸ್ ಗಿಟಾರ್ ಶಿರಸಿ ಸೀಮೆಗೆ ಬಂದದ್ದು ತೀರಾ ತಡವಾಗಿ, ಆರ್ಕೆಸ್ಟ್ರಾಗಳ ಜೊತೆ. ಆದರೆ ಬಾಸ್ ವಾದಕನ ಬದುಕು ಈ ಸೀಮೆಗೆ ಹೊಸದಲ್ಲ. ಮುಂದೆ ನಿಂತವನಿಗೆ ಚಪ್ಪಾಳೆ, ಹಿಂದೆ ಕೂತವನ ಹೆಗಲಿಗೆ ಇಡೀ ರಾತ್ರಿಯ ಭಾರ. ಆರು ತಿಂಗಳು ಊರೂರು ತಿರುಗಾಟ, ಹಗಲು ನಿದ್ದೆ. ಇಲ್ಲಿ ಆ ಬದುಕನ್ನು ಬದುಕಿದವನು ಮದ್ದಳೆಗಾರ. ಹೋಲಿಕೆ ಇರುವುದು ಸ್ವರದ ಆಳದಲ್ಲಲ್ಲ. ಈ ಸೀಮೆಯ ಬಡಗುತಿಟ್ಟಿನ ಮದ್ದಳೆ ಮೃದಂಗಕ್ಕಿಂತ ಚಿಕ್ಕದು, ನಾದವೂ ಚುರುಕು. ಹೋಲಿಕೆ ಇರುವುದು ಕೆಲಸದಲ್ಲಿ. ಚಂಡೆ ಏಳುವುದು ವೀರ, ರೌದ್ರ, ಯುದ್ಧ, ದೊಡ್ಡ ವೇಷದ ಪ್ರವೇಶ ಬಂದಾಗ. ಮದ್ದಳೆಗೆ ಆ ಬಿಡುವಿಲ್ಲ. ಶೃಂಗಾರವಿರಲಿ, ಕರುಣೆಯಿರಲಿ, ಭಾಗವತರು ಪದ್ಯ ಎತ್ತಿದ ಕೂಡಲೇ ಅದು ಜೊತೆಗಿರಬೇಕು. ಪದ್ಯದ ನಡೆಯನ್ನು ಹಿಡಿದುಕೊಂಡು, ವೇಷಧಾರಿಯ ಕಾಲಿನ ಮೇಲೆ ಕಣ್ಣಿಟ್ಟು, ಬಿಡ್ತಿಗೆ ಎಂಬ ಲಯದ ತುಣುಕು ಎಲ್ಲಿ, ಮುಕ್ತಾಯ ಎಲ್ಲಿ ಎಂದು ಅರ್ಧ ಕ್ಷಣ ಮೊದಲೇ ಊಹಿಸಬೇಕು. ಹಾಡುವವನನ್ನೂ ಕುಣಿಯುವವನನ್ನೂ ಒಟ್ಟಿಗೆ ನೋಡಿಕೊಳ್ಳುವ ಕೆಲಸ ರಂಗಸ್ಥಳದಲ್ಲಿ ಅವನದ್ದೇ.

ತಿರುಗಾಟದ ಚರಿತ್ರೆ ಉದ್ದದ್ದು. ಹೊನ್ನಾವರದ ಪಕ್ಕದ ಕರ್ಕಿಯ ಭಾಗವತ ಮೇಳ 1842ರ ಹೊತ್ತಿಗೆ ಸಾಂಗ್ಲಿಯವರೆಗೆ ಹೋಗಿ ಅಲ್ಲಿನ ಅರಸ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಆಟ ಕಂಡು ಮೆಚ್ಚಿದ ಅರಸರು ಮರಾಠಿಯಲ್ಲೂ ಇಂಥದ್ದೊಂದು ಆಗಬೇಕು ಎಂದದ್ದರಿಂದ ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಕಟ್ಟಿದರು. ಮರಾಠಿ ರಂಗಭೂಮಿಯ ಇತಿಹಾಸ ಅಲ್ಲಿಂದ ಆರಂಭವಾಗುತ್ತದೆ. ಆ ರಾತ್ರಿ ಸಾಂಗ್ಲಿಯಲ್ಲಿ ಮದ್ದಳೆ ಬಾರಿಸಿದವರು ಯಾರು? ಇತಿಹಾಸದ ಪುಸ್ತಕಗಳು ಅದನ್ನು ಬರೆದುಕೊಳ್ಳುವ ಗೋಜಿಗೆ ಹೋದಂತಿಲ್ಲ. ಅರಸರ ಹೆಸರು ಉಳಿಯಿತು, ಭಾವೆಯವರ ಹೆಸರು ಉಳಿಯಿತು, ಮೇಳದ ಊರಿನ ಹೆಸರು ಉಳಿಯಿತು. ಜೇಮರ್‌ಸನ್ ಅವರಾದರೂ ತಡವಾಗಿ ಸಿಕ್ಕಿದರು.

ಕರಾವಳಿಯ ಮೇಳಗಳು ಘಟ್ಟ ಹತ್ತುತ್ತಿದ್ದದ್ದು ಮೂರು ದಾರಿಗಳಲ್ಲಿ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿದರೆ ಶಿರಸಿ, ದೊಡ್ಮನೆ ಘಟ್ಟ ಹತ್ತಿದರೆ ಸಿದ್ದಾಪುರ, ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿದರೆ ಯಲ್ಲಾಪುರ. ಬಸ್ಸು ಲಾರಿ ಬರುವ ಮೊದಲು ವೇಷಭೂಷಣದ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ, ಕಲಾವಿದರು ಕಾಲ್ನಡಿಗೆಯಲ್ಲಿ. ವೇಷಧಾರಿಯ ಕಿರೀಟ, ಭುಜಕೀರ್ತಿ ಪೆಟ್ಟಿಗೆಯೊಳಗೆ ಹೋದರೆ ಮುಗಿಯಿತು. ಮದ್ದಳೆ ಹಾಗಲ್ಲ. ಬಿಸಿಲು ತಾಗಬಾರದು, ಇಬ್ಬನಿ ತಾಗಬಾರದು, ಕೆಳಗೆ ಬೀಳಬಾರದು. ಅದನ್ನು ಬೇರೆಯವರ ಕೈಗೆ ಕೊಡಲು ಯಾವ ಮದ್ದಳೆಗಾರನಿಗೂ ಮನಸ್ಸಾಗುವುದಿಲ್ಲ.

ಘಟ್ಟದ ಮೇಲೆ ಬಂದ ಮೇಳಕ್ಕೆ ಅನ್ನ ಹಾಕಿದ್ದು ಅಡಿಕೆ. ಶಿರಸಿಯ ತೋಟಗಾರರ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿತು. ದಲ್ಲಾಳಿಯ ಕೈಯಿಂದ ತುಸು ಬಿಡಿಸಿಕೊಂಡ ತೋಟಿಗನ ಮನೆಯಲ್ಲಿ ಮದುವೆ, ಉಪನಯನ, ಹರಕೆ ಎಲ್ಲದಕ್ಕೂ ಆಟ ಆಡಿಸುವ ಉಮೇದು ಬಂತು. ಆದರೆ ಆಟಕ್ಕೆ ಹಣ ಕೊಟ್ಟ ಅಡಿಕೆಯೇ ಆಟಕ್ಕೆ ಆಳು ಕೊಡುವಲ್ಲಿ ಕೈ ಬಿಗಿಹಿಡಿಯಿತು. ಮೇಳದ ತಿರುಗಾಟ ದೀಪಾವಳಿಯ ಆಚೀಚೆ ಹೊರಟು ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತದೆ. ಕೊನೆಕೊಯ್ಲು, ಅಡಿಕೆ ಸುಲಿತ, ಬೇಯಿಸಿ ಒಣಗಿಸುವುದು, ಎಲ್ಲವೂ ಬೀಳುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ತೋಟ ನೋಡಿಕೊಳ್ಳಬೇಕಾದ ಹಿರಿಮಗ ಮದ್ದಳೆ ಹೊತ್ತು ಮೇಳಕ್ಕೆ ಹೋದರೆ ಮನೆ ನಡೆಯುವುದಿಲ್ಲ. ಹಾಗಾಗಿ ಈ ಮೂರು ತಾಲೂಕುಗಳಲ್ಲಿ ಒಳ್ಳೆಯ ಮದ್ದಳೆಯ ಕೈಗಳು ಎಷ್ಟೋ ಇದ್ದರೂ ಮೇಳದ ಪಟ್ಟಿಗೆ ಏರಿದವು ಕಡಿಮೆ. ತಿರುಗಾಟಕ್ಕೆ ಹೊರಟವರು ಕಿರಿಮಕ್ಕಳು, ತುಂಡು ಭೂಮಿಯವರು, ಇಲ್ಲವೇ ವಾದ್ಯವೇ ಕುಲಕಸುಬಾಗಿದ್ದವರು.

ಆ ಕೊನೆಯ ಗುಂಪಿನಲ್ಲಿ ಭಂಡಾರಿ ಮನೆತನಗಳು ದೊಡ್ಡವು. ದೇವಸ್ಥಾನಗಳಲ್ಲಿ ವಾದ್ಯಸೇವೆ ನಡೆಸಿಕೊಂಡು ಬಂದ ಈ ಮನೆಗಳ ಹುಡುಗರಿಗೆ ಲಯ ಯಾರೂ ಕೂರಿಸಿ ಕಲಿಸಬೇಕಾದದ್ದಲ್ಲ. ಕರ್ಕಿಯ ಪರಮೇಶ್ವರ ಭಂಡಾರಿ, ಪ್ರಭಾಕರ ಭಂಡಾರಿ ಅವರಂಥವರ ಮದ್ದಳೆಯನ್ನು ಘಟ್ಟದ ಮೇಲಿನ ಪ್ರೇಕ್ಷಕರು ಹೆಸರು ಹಿಡಿದು ಕೇಳುತ್ತಿದ್ದರು. ಘಟ್ಟದ ಮೇಲಿನ ಹವ್ಯಕರ ಜಗಲಿಯಲ್ಲಿ ಬೆಳೆದ ಮದ್ದಳೆಗೂ ಕರಾವಳಿಯ ಭಂಡಾರಿಯವರ ಮದ್ದಳೆಗೂ ಕೊಡುಕೊಳೆ ಇತ್ತು. ಇದನ್ನು ಯಾರೂ ಶಾಲೆ ಎಂದು ಕರೆಯಲಿಲ್ಲ, ಬೋರ್ಡು ಹಾಕಲಿಲ್ಲ. ಆದರೂ ಅದು ಶಾಲೆಯೇ.

ಮೇಳದಲ್ಲಿ ಮದ್ದಳೆಗಾರನ ಏಣಿಗೆ ಮೆಟ್ಟಿಲು ಕಡಿಮೆ, ಎತ್ತರ ಜಾಸ್ತಿ. ಮೊದಲು ಸೇರಿದವನು ಒತ್ತು ಮದ್ದಳೆಗಾರ. ಸಂಜೆ ಆಟದ ಸುದ್ದಿ ಊರಿಗೆ ಮುಟ್ಟಿಸುವ 'ಕೇಳಿ' ಬಡಿಯುವುದು ಅವನ ಪಾಲು. ಆಟ ಶುರುವಾಗಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಪೂರ್ವರಂಗ ನಡೆಯುವಾಗ ಜನ ಇನ್ನೂ ಕವಳ ಹಾಕಿಕೊಳ್ಳುತ್ತ, ಚಾಪೆ ಹಾಸುತ್ತ ಇರುತ್ತಾರೆ. ಆಗ ಕಿರಿಯ ಭಾಗವತನಿಗೆ ಜೊತೆ ಕೊಡುವವನೂ ಅವನೇ. ತಪ್ಪಿದರೂ ಗಮನಿಸುವವರು ಕಡಿಮೆ, ಗಮನಿಸುವ ಒಬ್ಬರು ಮಾತ್ರ ಬಣ್ಣ ಹಚ್ಚುವ ಚೌಕಿಯಲ್ಲಿ ಕಿವಿಗೊಟ್ಟು ಕೂತಿರುತ್ತಾರೆ. ಪ್ರಧಾನ ಭಾಗವತರು ಬಂದು ಕೂತು ಒಡ್ಡೋಲಗ ಶುರುವಾದ ಮೇಲೆ ಮುಖ್ಯ ಮದ್ದಳೆಗಾರನ ಆಟ. ಬೆಳಗಿನ ಜಾವ ಮತ್ತೆ ಒತ್ತು ಮದ್ದಳೆಯವನ ಕೈಗೆ ಬಂದರೂ ಬಂತು. ಒಬ್ಬ ಮದ್ದಳೆಗಾರ ಎಷ್ಟು ದೊಡ್ಡವನು ಎಂಬುದನ್ನು ವರ್ಷಗಳಿಂದ ಅಳೆಯುವ ರೂಢಿ ಈ ರಂಗದಲ್ಲಿಲ್ಲ. ಇಂಥ ಮೇಳದಲ್ಲಿ ಇಷ್ಟು ತಿರುಗಾಟ ಎಂದೇ ಲೆಕ್ಕ.

ವಾದ್ಯವನ್ನು ಹತ್ತಿರದಿಂದ ನೋಡಿದರೆ ಈ ವೃತ್ತಿಯ ಕಷ್ಟ ಬೇಗ ತಿಳಿಯುತ್ತದೆ. ಹಲಸಿನ ಮರವನ್ನು ಕೊರೆದ ಕಳಸಿಗೆ, ಎರಡು ಬದಿಗೆ ಚರ್ಮದ ಮುಚ್ಚಿಗೆ, ಎರಡನ್ನೂ ಎಳೆದು ಬಿಗಿದ ಬಾರು, ಬಲದ ಮುಚ್ಚಿಗೆಯ ನಡುವೆ ಕಪ್ಪು ಕರಣೆ. ಶ್ರುತಿ ಹೇಳುವುದು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ: ಕಪ್ಪು ಎರಡು, ಕಪ್ಪು ಮೂರು, ಬಿಳಿ ನಾಲ್ಕು. ಒಬ್ಬ ಭಾಗವತರದ್ದು ಒಂದು ಶ್ರುತಿ, ರಾತ್ರಿ ಮಧ್ಯೆ ಬದಲಾಗುವ ಇನ್ನೊಬ್ಬರದ್ದು ಇನ್ನೊಂದು. ಹಾಗಾಗಿ ಮದ್ದಳೆಗಾರನ ಬಗಲಲ್ಲಿ ಒಂದಲ್ಲ, ಎರಡು ಮೂರು ಮದ್ದಳೆ. ಮಾಘ ಮಾಸದಲ್ಲಿ ಯಲ್ಲಾಪುರದ ಕಡೆ ನಡುರಾತ್ರಿ ದಾಟಿತೆಂದರೆ ಇಬ್ಬನಿ ಚಪ್ಪರದಿಂದ ತೊಟ್ಟಿಕ್ಕುತ್ತದೆ. ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ವೇಷಧಾರಿ ಅರ್ಥ ಹೇಳುವ ಆ ನಾಲ್ಕು ನಿಮಿಷದಲ್ಲಿ ಮದ್ದಳೆಗಾರ ಮುಚ್ಚಿಗೆಯ ಅಂಚಿಗೆ ಸಣ್ಣ ಏಟು ಕೊಟ್ಟು, ಕಿವಿ ಹತ್ತಿರ ತಂದು, ಬೆರಳಿನಿಂದ ಮೆಲ್ಲಗೆ ತಟ್ಟಿ ಸರಿಮಾಡಿಕೊಳ್ಳುತ್ತಾನೆ. ಎದುರಿನ ಸಾವಿರ ಜನರ ಕಣ್ಣು ಕೌರವನ ಮೇಲೆ ಇರುವಾಗ ಹಿಂದೆ ನಡೆಯುವ ಕಸರತ್ತು ಇದು. ಶ್ರುತಿ ಹಿಡಿದುಕೊಡಲು ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ. ಶ್ರುತಿಪೆಟ್ಟಿಗೆಗೆ ಇಬ್ಬನಿಯ ಹಂಗಿಲ್ಲ, ಮದ್ದಳೆಗೆ ಇದೆ.

ವಿದ್ಯುತ್ತು ಎರಡೂ ದೇಶದ ಹಿಂಬದಿಯವರ ಹಣೆಬರಹ ಬದಲಿಸಿತು, ಆದರೆ ಬೇರೆ ಬೇರೆ ರೀತಿಯಲ್ಲಿ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಮಾರುಕಟ್ಟೆಗೆ ತಂದಾಗ ಆಳೆತ್ತರದ ಪಿಟೀಲು ಹೊತ್ತು ತಿರುಗುವ ಕಷ್ಟ ತಪ್ಪಿತು. ಯಾರಿಗೂ ಕೇಳದೆ ಮುಳುಗುತ್ತಿದ್ದ ವಾದ್ಯಕ್ಕೆ ದನಿ ಬಂತು. ಇಲ್ಲಿ ಹಿಲಾಲು ಹೋಗಿ ಗ್ಯಾಸ್‌ಲೈಟು, ಗ್ಯಾಸ್‌ಲೈಟು ಹೋಗಿ ಟ್ಯೂಬ್‌ಲೈಟು ಬಂದ ಮೇಲೆ ಧ್ವನಿವರ್ಧಕವೂ ಬಂತು. ಮೈಕು ಮೊದಲು ಸಿಕ್ಕಿದ್ದು ಭಾಗವತರಿಗೆ. ಅಲ್ಲಿಯವರೆಗೆ ತಾರಕದಲ್ಲಿ ಕೂಗಿ ಹಾಡಬೇಕಿದ್ದವರು ಮೆಲ್ಲಗೆ ರಾಗ ಎಳೆಯಬಹುದಾಯಿತು. ಮೇಳಗಳು ಡೇರೆ ಹೊಡೆದು ಟಿಕೆಟ್ಟು ಮಾರತೊಡಗಿದವು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆ ಜಾತ್ರೆಯಲ್ಲಿ ನಾಟಕ ಕಂಪನಿಯ ಡೇರೆಯ ಪಕ್ಕದಲ್ಲೇ ಯಕ್ಷಗಾನದ ಡೇರೆ ಎದ್ದಿತು. ಟಿಕೆಟ್ಟಿನ ಆಟದಲ್ಲಿ ಹೆಸರು ಮಾರಾಟವಾಗಬೇಕು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರು ಬೋರ್ಡಿನ ಮೇಲೆ ಬಿದ್ದರೆ ಡೇರೆ ತುಂಬುತ್ತಿತ್ತು. ಮದ್ದಳೆಗಾರನ ಹೆಸರಿನಿಂದ ಎಷ್ಟು ಟಿಕೆಟ್ಟು ಹೋಗುತ್ತದೆ ಎಂದು ಕೇಳುವ ಯಜಮಾನರೂ ಇದ್ದರು. ಪ್ರಶ್ನೆ ವ್ಯಾಪಾರದ್ದು, ಉತ್ತರವೂ ವ್ಯಾಪಾರದ್ದೇ. ಸಂಬಳದ ಪಟ್ಟಿಯಲ್ಲಿ ಅದು ಕಾಣುತ್ತಿತ್ತು.

ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ಒಬ್ಬ ಭಾಗವತರು. ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರನ್ನು ಕೇಳಲೆಂದೇ ಜನ ಬರತೊಡಗಿದರು. ಅವರ ಪಕ್ಕದಲ್ಲಿ ದುರ್ಗಪ್ಪ ಗುಡಿಗಾರರ ಮದ್ದಳೆ, ಕೆಮ್ಮಣ್ಣು ಆನಂದರ ಚಂಡೆ. ನಾವಡರು ಹೊಸ ರಾಗ ಹಿಡಿದು ಪದ್ಯವನ್ನು ಹಿಗ್ಗಿಸಿದಂತೆ ಮದ್ದಳೆಗೂ ಅಂಗಳ ಸಿಕ್ಕಿತು. ಹಿಂದೆ ನಾಲ್ಕು ಸುತ್ತಿಗೆ ಮುಗಿಯುತ್ತಿದ್ದ ಕಡೆ ಈಗ ಗುಡಿಗಾರರ ಬೆರಳು ಏನು ಹೇಳುತ್ತದೆ ಎಂದು ಕಾದು ಕೂರುವವರು ಹುಟ್ಟಿಕೊಂಡರು. ಕ್ಯಾಸೆಟ್ಟು ಇದನ್ನು ಮನೆಮನೆಗೆ ಒಯ್ದಿತು. ಟೇಪ್ ರೆಕಾರ್ಡರ್ ಇದ್ದ ಸಿದ್ದಾಪುರದ ಯಾವುದೋ ಕೇರಿಯ ಮಾಣಿಗೆ ಈಗ ಗುರುವಿನ ಮನೆಯಲ್ಲಿ ನೀರು ಹೊರುವ ಅಗತ್ಯ ಇರಲಿಲ್ಲ; ಒಂದೇ ಬಿಡ್ತಿಗೆಯನ್ನು ಹಿಂದೆ ಮುಂದೆ ತಿರುಗಿಸಿ ಹಲಗೆಯ ಮೇಲೆ ಬಾರಿಸಿಕೊಂಡು ಕಲಿಯಬಹುದಿತ್ತು. ಹೀಗೆ ಕಲಿತದ್ದರಲ್ಲಿ ನಕಲು ಹೆಚ್ಚು, ಶಾಸ್ತ್ರ ಕಡಿಮೆ ಎಂದು ಹಿರಿಯರು ಗೊಣಗಿದರು. ಗೊಣಗಿದ್ದರಲ್ಲಿ ಹುರುಳಿತ್ತು. ಆದರೆ ಆ ನಕಲು ಇಲ್ಲದಿದ್ದರೆ ಮುಂದಿನ ತಲೆಮಾರಿನ ಹಿಮ್ಮೇಳ ಇಷ್ಟು ದಟ್ಟವಾಗಿ ಬೆಳೆಯುತ್ತಿರಲಿಲ್ಲ.

1990ರ ಮೇ ತಿಂಗಳಲ್ಲಿ ಬೈಕ್ ಅಪಘಾತದಲ್ಲಿ ನಾವಡರು ಹೋದರು. ವಯಸ್ಸು ಮೂವತ್ತರ ಆಚೀಚೆ. ಅದಕ್ಕೆ ಸುಮಾರು ನಾಲ್ಕು ವರ್ಷ ಮೊದಲು, 1986ರ ಸೆಪ್ಟೆಂಬರಿನಲ್ಲಿ, ಸ್ವೀಡನ್ನಿನ ರಸ್ತೆಯಲ್ಲಿ ಮೆಟಾಲಿಕಾ ರಾಕ್ ತಂಡದ ಬಸ್ಸು ಉರುಳಿ 24 ವರ್ಷದ ಬಾಸ್ ವಾದಕ ಕ್ಲಿಫ್ ಬರ್ಟನ್ ಸತ್ತಿದ್ದರು. ರಾತ್ರಿ ಸಂಗೀತ, ಬೆಳಗಿನ ಜಾವ ಪ್ರಯಾಣ: ತಿರುಗಾಟದ ಅಪಾಯ ಎಲ್ಲ ಕಡೆ ಒಂದೇ. ಮೆಟಾಲಿಕಾದಲ್ಲಿ ಮುಂದೆ ನಡೆದದ್ದು ಹಿಮ್ಮೇಳದವರು ಕೇಳಿದರೆ ನಗುವಂಥದ್ದು. ಬರ್ಟನ್ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ ಮೊದಲ ಪೂರ್ಣ ಆಲ್ಬಂ 1988ರಲ್ಲಿ ಬಂತು. ಅದರಲ್ಲಿ ಬಾಸ್ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಅಷ್ಟು ತಗ್ಗಿಸಿ ಇಟ್ಟಿದ್ದರು. ಆಮೇಲೆ 2003ರಲ್ಲಿ ರಾಬರ್ಟ್ ಟ್ರುಹಿಯೊ ಸೇರಿದರು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರ್ನಾಟಕದ ಹುಡುಗರು ಅವರ ಬಾಸನ್ನು ಎದೆಗೆ ತಾಗುವಷ್ಟು ಜೋರಾಗಿ ಕೇಳಿದರು. ಯಕ್ಷಗಾನದಲ್ಲಿ ಮದ್ದಳೆಯನ್ನು ತಗ್ಗಿಸಿದ ಆಟ ನಡೆಯಲಾರದು. ವೇಷಧಾರಿಯ ಗೆಜ್ಜೆ ಅಲ್ಲೇ ನಿಂತೀತು.

ಎಲ್ಲ ಹಿಮ್ಮೇಳವೂ ಡೇರೆಯ ಪೈಪೋಟಿಗೆ ಬೀಳಲಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ದೀರ್ಘಕಾಲ ಹಾಡಿದವರು ನೆಬ್ಬೂರು ನಾರಾಯಣ ಭಾಗವತರು. ಶಿರಸಿ ಕಡೆಯ ಹಣಗಾರಿನಲ್ಲಿ ನೆಲೆಸಿದ್ದ ಅವರು ಶಿವರಾಮ ಹೆಗಡೆ, ಮಹಾಬಲ ಹೆಗಡೆ, ಶಂಭು ಹೆಗಡೆ ಎಂಬ ಮೂವರು ಮಹಾನಟರನ್ನು ಕುಣಿಸಿದರು. ನಟನನ್ನು ಮೀರಿ ಹಾಡಬಾರದು ಎಂಬ ಸಂಯಮ ಅವರ ಹಾಡಿಕೆಯ ಗುಣ. ಇಂಥ ಭಾಗವತಿಕೆಗೆ ಮದ್ದಳೆ ಬಾರಿಸುವುದು ನಾವಡರ ಪಕ್ಕದಲ್ಲಿ ಬಾರಿಸುವುದಕ್ಕಿಂತ ಕಷ್ಟ ಎನ್ನಬೇಕು. ತುಂಬುವುದಕ್ಕೆ ಜಾಗ ಇರುತ್ತದೆ, ಆದರೆ ತುಂಬಬಾರದು. ನೆಬ್ಬೂರರು 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಇಡಗುಂಜಿ ಮೇಳಕ್ಕೆ ಅಂಟಿಕೊಂಡಂತೆ 1986ರಲ್ಲಿ ಗುಣವಂತೆಯಲ್ಲಿ ಶುರುವಾದ ಶ್ರೀಮಯ ಕೇಂದ್ರ ಘಟ್ಟದ ಮೇಲಿನ ಹುಡುಗರಿಗೂ ಗುರುಕುಲವಾಯಿತು.

ಇನ್ನೊಬ್ಬರ ದಾರಿಯೇ ಬೇರೆ. ಶಿರಸಿ ತಾಲೂಕಿನ ಹೊಸ್ತೋಟದಲ್ಲಿ 1940ರಲ್ಲಿ ಹುಟ್ಟಿದ ಮಂಜುನಾಥ ಭಾಗವತರು ಹಾಡು, ಕುಣಿತ, ಮದ್ದಳೆ, ಚಂಡೆ ನಾಲ್ಕನ್ನೂ ಬಲ್ಲವರು. ಯಾವ ಮೇಳಕ್ಕೂ ಕಟ್ಟುಬೀಳದೆ ಊರೂರು ಸುತ್ತಿ, ಸಿಕ್ಕ ಜಗಲಿಯಲ್ಲಿ ಕಲಿಸುತ್ತ ಹೋದರು. ಶಿವಮೊಗ್ಗದಲ್ಲಿ ಅಂಧ ಮಕ್ಕಳಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ಇಲ್ಲಿ ಲಯದ ಸಂಗತಿ ಒಮ್ಮೆಲೇ ಸ್ಪಷ್ಟವಾಗುತ್ತದೆ. ಕಣ್ಣು ಕಾಣುವ ವೇಷಧಾರಿ ಮದ್ದಳೆಗಾರನತ್ತ ಒಂದು ನೋಟ ಎಸೆದು ಮುಕ್ತಾಯ ಕೇಳಬಹುದು, ಮದ್ದಳೆಗಾರ ಅವನ ಭುಜ ನೋಡಿ ತಿಳಿಯಬಹುದು. ಕಾಣದವನಿಗೆ ರಂಗಸ್ಥಳದ ದಿಕ್ಕು, ಎದುರಾಳಿಯ ದೂರ, ಹೆಜ್ಜೆಯ ಅಂತ್ಯ, ಎಲ್ಲವೂ ಸಿಗುವುದು ಹಿಮ್ಮೇಳದ ಸದ್ದಿನಿಂದ. ಪ್ರಸಂಗಗಳನ್ನು ರಾಶಿ ರಾಶಿ ಬರೆದ ಹೊಸ್ತೋಟದವರು 2020ರ ಜನವರಿಯಲ್ಲಿ ನಿಧನರಾದರು. ಈ ಸೀಮೆಯಲ್ಲಿ ಈಗ ಮದ್ದಳೆ ಹಿಡಿದ ಮಧ್ಯವಯಸ್ಕರನ್ನು ಕೇಳುತ್ತ ಹೋದರೆ ಅವರ ಹೆಸರು ಎಲ್ಲೋ ಒಂದು ಕಡೆ ಬಂದೇ ಬರುತ್ತದೆ.

ಅಮೆರಿಕದವರೂ ಮದ್ದಳೆ ಹುಡುಕಿಕೊಂಡು ಬಂದದ್ದುಂಟು. ಘಟ್ಟದ ಮೇಲಲ್ಲ, ಉಡುಪಿಗೆ. ಮಾರ್ತಾ ಆಷ್ಟನ್ ಎಂಬ ಸಂಶೋಧಕಿ ಅಲ್ಲಿನ ಯಕ್ಷಗಾನ ಕೇಂದ್ರದಲ್ಲಿ ಕಲಿತು, ಬ್ರೂಸ್ ಕ್ರಿಸ್ಟಿ ಜೊತೆ ಬಡಗುತಿಟ್ಟಿನ ಮೇಲೆ ಬರೆದ ಇಂಗ್ಲಿಷ್ ಪುಸ್ತಕ 1977ರಲ್ಲಿ ಬಂತು. ಅವರ ಗುರುಗಳಲ್ಲಿ ಒಬ್ಬರು ಹಿರಿಯಡಕ ಗೋಪಾಲರಾಯರು; ಮದ್ದಳೆಗಾರರು. ನೂರು ವರ್ಷ ದಾಟಿ ಬಾಳಿ 2020ರಲ್ಲಿ ತೀರಿಕೊಂಡ ಅವರ ವಿದ್ಯೆ ಬರಿಯ ಮದ್ದಳೆಯದ್ದಾಗಿರಲಿಲ್ಲ. ಕುಣಿತ ಕಲಿಯಬೇಕಾದವರೂ ಅವರ ಮುಂದೆ ನಿಂತರು. ಎಷ್ಟೋ ನಟರ ಹೆಜ್ಜೆಗಳು ನಟರು ಹೋದ ಮೇಲೂ ಒಬ್ಬ ಮದ್ದಳೆಗಾರನ ಬೆರಳಿನಲ್ಲಿ ಉಳಿದಿರುತ್ತವೆ. ಅದೇ ಉಡುಪಿಯಲ್ಲಿ ಶಿವರಾಮ ಕಾರಂತರು ಹಿಮ್ಮೇಳಕ್ಕೆ ವಯೊಲಿನ್, ಸ್ಯಾಕ್ಸೊಫೋನ್ ಸೇರಿಸಿ ಪ್ರಯೋಗ ಮಾಡಿದರು. 'ಯಕ್ಷಗಾನ ಬಯಲಾಟ' ಬರೆದು ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸರ ಪ್ರಯೋಗ ಅದು, ಚರ್ಚೆ ಬೇಕಾದಷ್ಟಾಯಿತು. ಶಿರಸಿ ಕಡೆಯ ರಂಗಸ್ಥಳದಲ್ಲಿ ಮಾತ್ರ ಸ್ಯಾಕ್ಸೊಫೋನಿಗೆ ಕುರ್ಚಿ ಸಿಗಲಿಲ್ಲ.

ಮಳೆಗಾಲದ ಕತೆ ಹೇಳದೆ ಘಟ್ಟದ ಮೇಲಿನ ಮದ್ದಳೆಯ ಕತೆ ಅರ್ಧ. ಆಟ ನಿಲ್ಲುತ್ತದೆ, ತಾಳಮದ್ದಳೆ ಶುರುವಾಗುತ್ತದೆ. ಹೊರಗೆ ಜಡಿಮಳೆ, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆದು ಬಂದ ಮೈಕೈ ನೋವು, ರಾತ್ರಿ ಯಾರದೋ ಮನೆಯ ಜಗಲಿಯಲ್ಲಿ ಕಂಬಳಿ ಹಾಸಿ ಕೂಟ. ವೇಷವಿಲ್ಲ, ಕುಣಿತವಿಲ್ಲ, ಕೃಷ್ಣನೂ ಕೌರವನೂ ಪಂಚೆ ಉಟ್ಟು ಶಾಲು ಹೊದ್ದು ಕೂತಿರುತ್ತಾರೆ. ಮದ್ದಳೆಗೆ ಹೆಸರಿನಲ್ಲೇ ಪಾಲು ಸಿಕ್ಕಿರುವ ಕಲೆ ಇದು. ಮೇಳಕ್ಕೆ ಹೋಗಲಾಗದ ಆ ಹಿರಿಮಗ ಕಾಯುತ್ತಿದ್ದದ್ದು ಈ ತಿಂಗಳುಗಳಿಗಾಗಿ. ಅವನ ಕೈ ಮೇಳದ ಮುಖ್ಯ ಮದ್ದಳೆಗಾರನಿಗೆ ಸಾಟಿಯಾಗಿದ್ದರೂ ಹೊರಗಿನ ಯಾರಿಗೂ ಗೊತ್ತಿರಲಿಲ್ಲ. ಸುತ್ತಿನ ಹತ್ತೂರಿಗೆ ಗೊತ್ತಿತ್ತು. ಅವನಿಗೆ ಸಂದಾಯವಾಗುತ್ತಿದ್ದದ್ದು ಊಟ, ಕವಳ, ಕೆಲವೊಮ್ಮೆ ಒಂದು ತೆಂಗಿನಕಾಯಿ. ತಿರುಗಾಟ ಮುಗಿಸಿ ಊರಿಗೆ ಬಂದ ವೃತ್ತಿಪರರೂ ಅದೇ ಕಂಬಳಿಯ ಮೇಲೆ ಕೂರುತ್ತಿದ್ದರು. ಸೋಂದಾ ಸ್ವರ್ಣವಲ್ಲಿಯ ಯಕ್ಷ ಶಾಲ್ಮಲಾ ಸಂಸ್ಥೆ ಇಂದು ಮಕ್ಕಳಿಗೆ ಯಕ್ಷಗಾನ, ತಾಳಮದ್ದಳೆ ಸ್ಪರ್ಧೆ ನಡೆಸುತ್ತಿದ್ದರೆ ಅದರ ಹಿಂದೆ ಈ ಜಗಲಿಗಳಿವೆ.

ಯಲ್ಲಾಪುರದ ಕಾಡಿನಲ್ಲಿ ಇನ್ನೊಂದು ಲಯವೂ ಇದೆ. ಆಫ್ರಿಕಾ ಮೂಲದ ಸಿದ್ದಿಗಳ ದಮಾಮಿ. ರಾಕ್ ಸಂಗೀತದ ಬಾಸಿನ ಬೇರು ಹುಡುಕಿದರೆ ಅದೂ ಆಫ್ರಿಕಾದಿಂದ ಹಡಗಿನಲ್ಲಿ ಒಯ್ದ ಜನರ ಹಾಡಿಗೇ ಮುಟ್ಟುತ್ತದೆ. ಒಂದು ಹಡಗು ಪಶ್ಚಿಮಕ್ಕೆ ಹೋಯಿತು, ಒಂದು ಪೂರ್ವಕ್ಕೆ ಬಂತು. ಅದು ಬೇರೆಯೇ ಲೇಖನದ ಸರಕು.

ಈಗಿನ ಮದ್ದಳೆಗಾರನ ಡೈರಿ ಹಳೆಯವರದ್ದರಂತಿಲ್ಲ. ಡೇರೆ ಮೇಳಗಳು ಒಂದೊಂದಾಗಿ ಕಂಬ ಕಿತ್ತವು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿತು. ಮೂರು ನಾಲ್ಕು ತಾಸಿನ ಕಾಲಮಿತಿಯ ಆಟ ರೂಢಿಗೆ ಬಂತು. ಕಾಲ ಕತ್ತರಿಸಿದಾಗ ಮೊದಲು ಹೋದದ್ದು ಪೂರ್ವರಂಗ. ಅದರ ಜೊತೆ ಒತ್ತು ಮದ್ದಳೆಗಾರ ತಪ್ಪು ಮಾಡುತ್ತ ಕಲಿಯುತ್ತಿದ್ದ ಆ ಎರಡು ತಾಸೂ ಹೋಯಿತು. ಈ ನಷ್ಟದ ಬಗ್ಗೆ ಭಾಷಣ ಮಾಡಿದವರು ಕಡಿಮೆ. ಇಂದು ಹೊಸ ಹುಡುಗ ರಂಗಕ್ಕೆ ಬಂದರೆ ಮೊದಲ ದಿನವೇ ಪ್ರಧಾನ ಪದ್ಯಕ್ಕೆ ಬಾರಿಸಬೇಕು, ಎದುರಿಗೆ ಹತ್ತು ಮೊಬೈಲು ರೆಕಾರ್ಡ್ ಆಗುತ್ತಿರಬೇಕು.

ಮೇಳದ ಬದಲು ಬಿಡಿ ಆಟಗಳು ಹೆಚ್ಚಿದವು. ಸಂಘಟಕರು ಇಂಥ ಭಾಗವತರು, ಇಂಥ ಮದ್ದಳೆ, ಇಂಥ ಚಂಡೆ ಎಂದು ಆರಿಸಿ ಕರೆಸುತ್ತಾರೆ. ಸಿದ್ದಾಪುರದ ಕೊಳಗಿ ಕೇಶವ ಹೆಗಡೆಯವರ ಹಾಡಿಕೆ, ಯಲ್ಲಾಪುರದ ಶಂಕರ ಭಾಗವತರ ಮದ್ದಳೆ ಎಂದು ಕೇಳಿ ಬರುವ ರಸಿಕರು ಇದ್ದಾರೆ. ಯೂಟ್ಯೂಬಿನಲ್ಲಿ ಹಿಮ್ಮೇಳದ ಮೇಲೇ ಕ್ಯಾಮೆರಾ ಇಟ್ಟ ವಿಡಿಯೊಗಳಿವೆ. ವೇಷಧಾರಿ ಅಲ್ಲಿ ಬೆನ್ನು ಮಾತ್ರ. ಕರಪತ್ರದಲ್ಲಿ ಸಿಗದಿದ್ದ ಮುಖ ಅಲ್ಲಿ ಸಿಕ್ಕಿತು. ಆದರೆ ಮೇಳದ ತಿಂಗಳ ಸಂಬಳ, ಎರಡು ಹೊತ್ತಿನ ಊಟ, ಮುಂದಿನ ತಿರುಗಾಟದ ಮುಂಗಡ ಎಂಬ ಆಸರೆ ಬಿಡಿ ಆಟದಲ್ಲಿಲ್ಲ. ಫೋನು ಬಂದರೆ ಆಟ, ಬರದಿದ್ದರೆ ಮನೆ.

ಮಳೆಗಾಲವೂ ಬದಲಾಗಿದೆ. ಮೇಳಗಳು ಆಷಾಢ ಶ್ರಾವಣದಲ್ಲಿ ಬೆಂಗಳೂರಿಗೆ ಹೋಗುತ್ತವೆ. ರವೀಂದ್ರ ಕಲಾಕ್ಷೇತ್ರದಂಥ ಸಭಾಂಗಣಗಳಲ್ಲಿ ಶನಿವಾರದ ಆಟಕ್ಕೆ ಟಿಕೆಟ್ಟು ಕೊಳ್ಳುವವರಲ್ಲಿ ಮಲೆನಾಡಿನಿಂದ ಕೆಲಸಕ್ಕೆಂದು ಹೋದವರೇ ಬಹಳ. ಹೋದವರಲ್ಲಿ ಮದ್ದಳೆ ಬಲ್ಲವರೂ ಇದ್ದಾರೆ: ವಾರವಿಡೀ ಕಂಪ್ಯೂಟರ್ ಮುಂದೆ, ಶುಕ್ರವಾರ ರಾತ್ರಿ ಶಿರಸಿ ಬಸ್ಸು, ಶನಿವಾರ ಊರಿನ ಆಟಕ್ಕೆ ಮದ್ದಳೆ, ಭಾನುವಾರ ರಾತ್ರಿ ಮತ್ತೆ ಬಸ್ಸು. ಕೊನೆಕೊಯ್ಲಿನ ತಾರೀಖು ನೋಡಿ ಮೇಳಕ್ಕೆ ಬರಲಾಗದು ಎನ್ನುತ್ತಿದ್ದ ಮನೆಗಳಿಂದಲೇ ಬಂದವರು ಇವರು. ಈಗ ರಜೆ ಸಿಕ್ಕೀತೇ ಎಂದು ಕೇಳಿಕೊಂಡು ಸಂಘಟಕರಿಗೆ ಉತ್ತರ ಕೊಡುತ್ತಾರೆ. ಮನೆಯ ತೋಟವನ್ನು ಗೇಣಿಗೆ ಕೊಟ್ಟಾಗಿರುತ್ತದೆ.